ವಚನವನ್ನು ಉದ್ಧರಿಸುವಾಗ: ಸಂಶೋಧನ ಲೇಖನ ಬರೆಯುವವರಿಗೆ ಕೆಲವು ಮಾತು



ಕಳೆದ ವರ್ಷ ಶ್ರೀಮಠದಿಂದ ಹೊರಬಂದ ಸ್ಮರಣಸಂಚಿಕೆಯಲ್ಲಿ ಕಾಯಕತತ್ತ್ವವನ್ನು ಕುರಿತ ಲೇಖನವೊಂದಿತ್ತು. ಬರೆದವರು ಸ್ನಾತಕೋತ್ತರ ವ್ಯಾಸಂಗ ಮುಗಿಸಿ ಸಂಶೋಧನೆಗೆ ತೊಡಗಿದ್ದ ನಮ್ಮ ಭಕ್ತವೃಂದದ ಒಬ್ಬ ಯುವಕರು. ಅದರಲ್ಲಿ ಆಯ್ದಕ್ಕಿ ಲಕ್ಕಮ್ಮನವರ ವಚನವೊಂದು ಅವರ ಪತಿ ಮಾರಯ್ಯನವರ ಹೆಸರಿನಲ್ಲಿ ಅಚ್ಚಾಯಿತು. ಲೇಖನವನ್ನು ಆರಿಸಿದವರು ನಾವು, ಕರಡನ್ನು ಎರಡು ಸಲ ಓದಿದವರೂ ನಾವೇ. ಬಿಡುಗಡೆಯಾದ ಮೂರನೆಯ ದಿನ, ನಿತ್ಯ ವಚನಪಾರಾಯಣ ಮಾಡುವ ಹಿರಿಯ ತಾಯಿಯೊಬ್ಬರು ಕಚೇರಿಗೆ ಬಂದು, ಬೆರಳಿಟ್ಟುಕೊಂಡು ತಂದಿದ್ದ ಪುಟವನ್ನು ತೆರೆದು ಮೇಜಿನ ಮೇಲಿಟ್ಟರು. "ಇದು ನಮ್ಮವ್ವ ಲಕ್ಕಮ್ಮನ ಮಾತಲ್ಲೇನ್ರಿ ಸರ? ಗಂಡನ ಲೆಕ್ಕಕ್ಕ ಹ್ಯಾಂಗ ಬರದ್ರಿ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಹೆಚ್ಚಾಗಿ ಬಂದ ಅಕ್ಕಿಯನ್ನು ಮರಳಿ ಅಲ್ಲಿಯೇ ಸುರಿದು ಬನ್ನಿರೆಂದು ಗಂಡನಿಗೆ ಹೇಳಿದಾಕೆಯ ಮಾತನ್ನೇ ನಾವು ಆಕೆಯಿಂದ ತೆಗೆದು ಬೇರೊಬ್ಬರಿಗೆ ಕೊಟ್ಟಿದ್ದೆವು.

ತಪ್ಪು ಹೇಗಾಯಿತೆಂದು ವಿಚಾರಿಸಿದಾಗ ತಿಳಿದದ್ದು ಇಷ್ಟು. ಯುವಕರು ಆ ವಚನವನ್ನು ಸಂಪುಟದಿಂದ ತೆಗೆದುಕೊಂಡಿರಲಿಲ್ಲ, ಯಾರೋ ಬರೆದ ಲೇಖನಸಂಗ್ರಹದಿಂದ ತೆಗೆದುಕೊಂಡಿದ್ದರು. ಅಲ್ಲಿ ಜಾಗ ಉಳಿಸಲೆಂದು ವಚನದ ಕೊನೆಯ ಸಾಲನ್ನು ಬಿಟ್ಟಿದ್ದರು, ಹಿಂದೆ ಮುಂದೆ ಮಾರಯ್ಯನವರ ಚರ್ಚೆಯಿತ್ತು. ಮಾರಯ್ಯನವರ ಅಂಕಿತ ‘ಅಮರೇಶ್ವರಲಿಂಗ’. ಲಕ್ಕಮ್ಮನವರದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ವಚನವನ್ನು ಆಕೆಯದೆಂದು ಗುರುತಿಸುವ ಆ ಒಂದು ಪದ ಬಿಟ್ಟ ಸಾಲಿನಲ್ಲಿಯೇ ಇತ್ತು.

ನಮ್ಮ ಮನೆಗಳ ಮಕ್ಕಳು ಈಗ ದೊಡ್ಡ ಸಂಖ್ಯೆಯಲ್ಲಿ ಸಂಶೋಧನೆಗೆ ಹೋಗುತ್ತಿದ್ದಾರೆ. ಕನ್ನಡ, ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರದವರೂ ಒಂದಿಲ್ಲೊಂದು ಕಡೆ ವಚನವನ್ನು ಉದ್ಧರಿಸುತ್ತಾರೆ. ವಿಚಾರಸಂಕಿರಣಗಳಿಗೆ ಬರುವ ಪ್ರಬಂಧಗಳನ್ನು ಓದುವ ಕೆಲಸ ಹಲವು ವರ್ಷಗಳಿಂದ ನಮ್ಮ ಪಾಲಿಗಿದೆ. ವಿಷಯದ ಅರಿವು ಅವರಲ್ಲಿ ಕಡಿಮೆಯಿಲ್ಲ. ಬೇರೆಯವರ ಮಾತನ್ನು ತಮ್ಮ ಬರಹದೊಳಗೆ ತರುವ ಕ್ರಮವನ್ನು ಮಾತ್ರ ಯಾರೂ ಕುಳಿತು ಹೇಳಿಕೊಟ್ಟಂತೆ ಕಾಣುವುದಿಲ್ಲ. ಅದನ್ನು ವಚನಗಳನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ. ಉದಾಹರಣೆಗೆಂದು ಕೂಡ ಯಾವ ವಚನವನ್ನೂ ಇಲ್ಲಿ ಅಚ್ಚು ಮಾಡಿಲ್ಲ. ಅದು ಮರೆವಲ್ಲ. ಓದಿದವರು ಈ ಬರಹದಿಂದ ಎತ್ತಿಕೊಳ್ಳದೆ ಸಂಪುಟವನ್ನು ತೆರೆಯಲೆಂಬುದೇ ನಮ್ಮ ಆಶಯ.

ವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವುದು ಕೃತಿಚೌರ್ಯದ ಭಯ. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಪ್ರಬಂಧದಲ್ಲಿ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ; ಶೇ. 40ರವರೆಗೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ. 60ರವರೆಗೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಸರಿಯಾಗಿ ಆಕರ ಹೇಳಿ ಉದ್ಧರಿಸಿದ ಭಾಗವನ್ನು ಈ ಲೆಕ್ಕದಿಂದ ಹೊರಗಿಡಲು ನಿಯಮದಲ್ಲಿಯೇ ಅವಕಾಶವಿದೆ. ಹೀಗಾಗಿ ಉದ್ಧರಣ ಚಿಹ್ನೆ ಮತ್ತು ಅಡಿಟಿಪ್ಪಣಿಗಳು ವಿದ್ಯಾರ್ಥಿಗೆ ರಕ್ಷಣೆಯೂ ಹೌದು. ಆದರೆ ಸಾಮ್ಯ ಹುಡುಕುವ ಯಂತ್ರವು ಲಕ್ಕಮ್ಮನವರ ಮಾತು ಮಾರಯ್ಯನವರ ಹೆಸರಿಗೆ ಹೋದುದನ್ನು ಹಿಡಿಯಲಾರದು. ನಮ್ಮ ಸಂಚಿಕೆಯ ಆ ಲೇಖನ ಯಾವ ಪರೀಕ್ಷೆಯಲ್ಲಿಯೂ ನಿರಾಯಾಸವಾಗಿ ಪಾರಾಗುತ್ತಿತ್ತು.

ವಚನಗಳ ವಿಷಯದಲ್ಲಿ ಮೊದಲು ತಿಳಿಯಬೇಕಾದುದು ಅಂಕಿತ. ಅದು ಬರೆದವರ ಹೆಸರಲ್ಲ, ಅವರ ಇಷ್ಟದೈವದ ಹೆಸರು. ಅಂಕಿತದಿಂದ ವಚನಕಾರರನ್ನು ಗುರುತಿಸಿದವರು ಹಿಂದಿನ ಸಂಕಲನಕಾರರು ಮತ್ತು ಇಂದಿನ ಸಂಪಾದಕರು. ಅಂಬಿಗರ ಚೌಡಯ್ಯನವರಂತೆ ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡವರು ವಿರಳ. ಅಂಕಿತ ಮಾತ್ರ ಉಳಿದು ಹೆಸರು ತಿಳಿಯದೆ ಹೋದ ವಚನಕಾರರೂ ಇದ್ದಾರೆ. ಆದ್ದರಿಂದ ಅಂಕಿತವನ್ನು ಪೂರ್ತಿಯಾಗಿ, ಅಕ್ಷರ ಬಿಡದೆ ಓದಬೇಕು. ‘ಕೂಡಲಸಂಗಮದೇವ’ ಎಂಬಲ್ಲಿ ಬಸವಣ್ಣನವರು, ‘ಕೂಡಲಚೆನ್ನಸಂಗಮದೇವ’ ಎಂಬಲ್ಲಿ ಚೆನ್ನಬಸವಣ್ಣನವರು. ‘ಗಂಗಾಪ್ರಿಯ ಕೂಡಲಸಂಗಮದೇವ’ ಎಂದರೆ ಗಂಗಾಂಬಿಕೆಯವರು. ಅಕ್ಕನವರದು ‘ಚೆನ್ನಮಲ್ಲಿಕಾರ್ಜುನ’, ಸಿದ್ಧರಾಮರದು ‘ಕಪಿಲಸಿದ್ಧಮಲ್ಲಿಕಾರ್ಜುನ’. ಅವಸರದಲ್ಲಿ ಓದಿದವರಿಗೆ ಇವೆಲ್ಲ ಒಂದೇ ಆಗಿ ಕಾಣುತ್ತವೆ. ಹಾಗೆ ಕಂಡಾಗ ಹೆಚ್ಚಾಗಿ ನಷ್ಟವಾಗುವುದು ಶರಣೆಯರಿಗೆ ಎಂಬುದನ್ನೂ ನಾವು ಗಮನಿಸಿದ್ದೇವೆ. ಪತಿಯ ಅಥವಾ ಪ್ರಸಿದ್ಧ ಶರಣರ ಅಂಕಿತಕ್ಕೆ ಒಂದು ಪದ ಸೇರಿಸಿಕೊಂಡವರು ಅವರಲ್ಲಿ ಹಲವರು.

ಅಂಕಿತವನ್ನು ಅಲಕ್ಷಿಸಬಾರದೆಂಬುದು ಮಠದವರ ಮಡಿವಂತಿಕೆಯಲ್ಲ. ಬಸವಣ್ಣನವರ ವಚನಗಳಲ್ಲಿ ಅಂಕಿತವನ್ನು ಬದಲಿಸಿ ಮುದ್ರಿಸಿದ ಪುಸ್ತಕವೊಂದನ್ನು ರಾಜ್ಯ ಸರ್ಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಮುಗಿಯಿತು. ಆ ವಾದವಿವಾದವನ್ನು ನಾವಿಲ್ಲಿ ಎತ್ತುವುದಿಲ್ಲ. ಒಂದು ಪದದ ಭಾರ ಎಷ್ಟೆಂದು ತಿಳಿಯಲು ಅಷ್ಟು ಸಾಕು.

ನಾಡಿನಾದ್ಯಂತ ಕಚೇರಿ, ಶಾಲೆ, ಕಾರ್ಖಾನೆಗಳ ಗೋಡೆಯ ಮೇಲೆ ಬರೆಸಿರುವ, ಕಾಯಕವನ್ನೂ ಕೈಲಾಸವನ್ನೂ ಒಂದುಗೂಡಿಸುವ ಎರಡು ಪದಗಳ ಮಾತನ್ನು ನೆನೆಯಿರಿ. ಹತ್ತರಲ್ಲಿ ಒಂಬತ್ತು ಮಂದಿ ಅದರ ಕೆಳಗೆ ಬಸವಣ್ಣನವರ ಹೆಸರನ್ನು ಹಾಕುತ್ತಾರೆ. ಆ ಮಾತು ದೊರೆಯುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ, ಅದೂ ಒಂದು ದೀರ್ಘ ವಿಚಾರದ ಕೊನೆಯಲ್ಲಿ ಕಾರಣವಾಗಿ ಬರುತ್ತದೆ. ತತ್ತ್ವ ಬಸವಣ್ಣನವರಿಗೆ ಸಮ್ಮತವೇ, ಅದರಲ್ಲಿ ಸಂಶಯವಿಲ್ಲ. ಆದರೆ ‘ಬಸವಣ್ಣನವರು ಹೀಗೆ ಹೇಳಿದ್ದಾರೆ’ ಎಂದು ಸಂಶೋಧನ ಲೇಖನದಲ್ಲಿ ಬರೆದರೆ ಅದು ಸುಳ್ಳು ಹೇಳಿಕೆಯಾಗುತ್ತದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕಿದವರೊಬ್ಬರು ಆಡಿದ ಮಾತು ಅದೆಂದು ತಿಳಿದಾಗ ಅದರ ಅರ್ಥವೇ ಬೇರೆಯಾಗಿ ಕಾಣುವುದಿಲ್ಲವೆ? ಮಂತ್ರಿಯೊಬ್ಬರು ಹೇಳಿದ ಉಪದೇಶವಾಗಿ ಕೇಳುವುದಕ್ಕೂ, ಆಯುವವನೇ ಆಡಿದ ಅನುಭವವಾಗಿ ಕೇಳುವುದಕ್ಕೂ ಅಂತರವುಂಟು. ಆಕರವನ್ನು ಸರಿಯಾಗಿ ಹೇಳಿದರೆ ವ್ಯಾಖ್ಯಾನವೂ ಬೆಳೆಯುತ್ತದೆ.

ಇನ್ನು ಆವೃತ್ತಿಯ ವಿಷಯ. ‘ವಚನ ಸಾಹಿತ್ಯದಿಂದ’ ಎಂದಷ್ಟೇ ಅಡಿಟಿಪ್ಪಣಿಯಲ್ಲಿ ಬರೆಯುವವರಿದ್ದಾರೆ. ಊರಿನ ಹೆಸರು ಮಾತ್ರ ಬರೆದು ಅಂಚೆಗೆ ಹಾಕಿದ ಕಾಗದದಂತೆ ಅದು. ಫ. ಗು. ಹಳಕಟ್ಟಿಯವರು ಮನೆಮನೆಗಳ ಓಲೆಗರಿಯ ಕಟ್ಟುಗಳನ್ನು ಹುಡುಕಿ, ಪ್ರತಿ ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಅನೇಕ ವಿದ್ವಾಂಸರು ಬೇರೆ ಬೇರೆ ಹಸ್ತಪ್ರತಿಗಳನ್ನು ಆಧರಿಸಿ ಸಂಪಾದಿಸಿದ್ದಾರೆ. 1993ರಲ್ಲಿ ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ‘ಸಮಗ್ರ ವಚನ ಸಂಪುಟ’ವನ್ನು 15 ಸಂಪುಟಗಳಲ್ಲಿ ಹೊರತಂದಿತು. ಒಂದು ಆವೃತ್ತಿಯ ವಚನಸಂಖ್ಯೆ ಮತ್ತೊಂದರಲ್ಲಿ ಇರುವುದಿಲ್ಲ. ಪಾಠವೂ ಅಲ್ಲಲ್ಲಿ ಬೇರೆ. ಆದ್ದರಿಂದ ವಚನಸಂಖ್ಯೆಯನ್ನು ಮಾತ್ರ ಕೊಟ್ಟು ಆವೃತ್ತಿಯನ್ನು ಹೇಳದಿದ್ದರೆ ಓದುಗನು ಹುಡುಕಿ ಸೋಲುತ್ತಾನೆ. ಲಕ್ಕಮ್ಮನವರ ವಚನಕ್ಕೆ ಟಿಪ್ಪಣಿ ಬರೆಯುವುದಾದರೆ ವಚನಕಾರ್ತಿಯ ಹೆಸರು, ‘ಶಿವಶರಣೆಯರ ವಚನಸಂಪುಟ’, ಸಮಗ್ರ ವಚನ ಸಂಪುಟ 5, ಸಂಪಾದಕರು ವೀರಣ್ಣ ರಾಜೂರ, ಪ್ರಕಾಶಕರು, ವರ್ಷ, ಬಳಿಕ ವಚನಸಂಖ್ಯೆ ಮತ್ತು ಪುಟ, ಇಷ್ಟು ಇರಲಿ. ಅಲ್ಪವಿರಾಮ ಎಲ್ಲಿ, ಆವರಣ ಎಲ್ಲಿ ಎಂಬ ವಿಚಾರದಲ್ಲಿ ಒಂದೊಂದು ವಿಶ್ವವಿದ್ಯಾಲಯದ ಪದ್ಧತಿ ಒಂದೊಂದು. ಮಾರ್ಗದರ್ಶಕರನ್ನು ಕೇಳಿ ಒಂದನ್ನೇ ಕೊನೆಯವರೆಗೆ ಪಾಲಿಸಿದರೆ ಸಾಕು.

ಪಾಠದ ವಿಚಾರದಲ್ಲಿ ಎರಡು ಸೂಕ್ಷ್ಮಗಳಿವೆ. ಓಲೆಗರಿಯಲ್ಲಿ ವಚನವನ್ನು ಸಾಲು ಮುರಿಯದೆ ಒಂದೇ ಸಮನೆ ಬರೆಯುತ್ತಿದ್ದರು. ಇಂದು ನಾವು ಕಾಣುವ ಸಾಲುಗಳ ವಿಭಜನೆಯೂ ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆಗಳೂ ಸಂಪಾದಕರು ಓದುಗರ ಅನುಕೂಲಕ್ಕೆ ಹಾಕಿದವು. ಹಾಗಿರುವಾಗ, ‘ಬಸವಣ್ಣನವರು ಮೂರನೆಯ ಸಾಲನ್ನು ಚಿಕ್ಕದಾಗಿಸಿ ಪರಿಣಾಮ ಸಾಧಿಸಿದ್ದಾರೆ’ ಎಂದು ಪುಟಗಟ್ಟಲೆ ಬರೆದ ಪ್ರಬಂಧವೊಂದು ನಮ್ಮ ಕೈಗೆ ಬಂದಿತ್ತು! ಆ ಸಾಲು ಸಂಪಾದಕರದು. ಇನ್ನೊಂದು, ಹಳೆಯ ರೂಪಗಳನ್ನು ತಿದ್ದುವ ಚಾಳಿ. ವಚನದಲ್ಲಿ ‘ಆದಡೆ’ ಎಂದಿದ್ದರೆ ‘ಆದರೆ’ ಎಂದು ಮಾಡುವುದು, ‘ಎನ್ನ’ ಎಂಬುದನ್ನು ‘ನನ್ನ’ ಎಂದು ಬರೆಯುವುದು. ಭಾಷಣದಲ್ಲಿ ನಡೆಯಬಹುದು. ಉದ್ಧರಣ ಚಿಹ್ನೆಯೊಳಗೆ ನಡೆಯದು. ಆ ಚಿಹ್ನೆಯೇ ‘ಇದ್ದಂತೆ ಕೊಟ್ಟಿದ್ದೇನೆ’ ಎಂಬ ಮಾತು. ಕಠಿಣ ಪದಕ್ಕೆ ಅರ್ಥ ಹೇಳಬೇಕಾದರೆ ಚೌಕಾವರಣದಲ್ಲಿ ಹೇಳಿ, ಅಥವಾ ಕೆಳಗೆ ಟಿಪ್ಪಣಿಯಲ್ಲಿ ಹೇಳಿ. ಮುದ್ರಣದೋಷವೆಂದು ಖಚಿತವಾಗಿ ಕಂಡರೂ ತಿದ್ದಿದ್ದೇವೆಂದು ತಿಳಿಸಿಯೇ ತಿದ್ದಬೇಕು.

ಶೂನ್ಯಸಂಪಾದನೆಯಿಂದ ಉದ್ಧರಿಸುವವರಿಗೆ ಒಂದು ಎಚ್ಚರಿಕೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಅದನ್ನು ಮೊದಲು ಸಂಕಲಿಸಿದರು. ಅನಂತರ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗರು, ಗೂಳೂರ ಸಿದ್ಧವೀರಣ್ಣಾರ್ಯರು ಅದನ್ನು ತಮ್ಮ ತಮ್ಮ ದೃಷ್ಟಿಯಿಂದ ಪರಿಷ್ಕರಿಸಿದರು. ಬಿಡಿಬಿಡಿಯಾಗಿದ್ದ ವಚನಗಳನ್ನು ಪ್ರಶ್ನೋತ್ತರಗಳಾಗಿ ಹೆಣೆದು, ಅನುಭವಮಂಟಪದಲ್ಲಿ ಪ್ರಭುದೇವರು ಅಕ್ಕನವರನ್ನು ಪ್ರಶ್ನಿಸುವ ಆ ಮಹಾಪ್ರಸಂಗವನ್ನು ನಮಗೆ ಕೊಟ್ಟವರು ಈ ಸಂಪಾದನಕಾರರು. ನಾವು ಅದನ್ನು ಭಕ್ತಿಯಿಂದ ಪಾರಾಯಣ ಮಾಡುತ್ತೇವೆ, ಮಾಡಬೇಕು. ಆದರೆ ಸಂಶೋಧನ ಲೇಖನದಲ್ಲಿ ‘ಪ್ರಭುದೇವರು ಅಕ್ಕನಿಗೆ ಉತ್ತರವಾಗಿ ಈ ವಚನ ಹೇಳಿದರು’ ಎಂದು ಹನ್ನೆರಡನೆಯ ಶತಮಾನದ ವರದಿಯಂತೆ ಬರೆಯಬಾರದು. ‘ಶೂನ್ಯಸಂಪಾದನೆಯಲ್ಲಿ ಈ ವಚನ ಅಕ್ಕನವರಿಗೆ ಉತ್ತರವಾಗಿ ಬರುತ್ತದೆ’ ಎಂದು ಬರೆದು, ಯಾವ ಶೂನ್ಯಸಂಪಾದನೆ ಎಂಬುದನ್ನೂ ಹೇಳಬೇಕು. ನಾಲ್ಕೂ ಒಂದೇ ಅಲ್ಲ. ಸಿದ್ಧರಾಮರ ದೀಕ್ಷಾಪ್ರಸಂಗವು ಅವುಗಳಲ್ಲಿ ಒಂದೇ ರೀತಿ ಇಲ್ಲವೆಂಬುದು ವಿದ್ವಾಂಸರಿಗೆ ತಿಳಿದ ಸಂಗತಿ. ವಚನ ಒಬ್ಬರದು, ಸಂದರ್ಭ ಇನ್ನೊಬ್ಬರದು. ಇಬ್ಬರಿಗೂ ಸಲ್ಲಬೇಕಾದುದು ಸಲ್ಲಲಿ.

ಆಕರ ಸರಿಯಾಯಿತು ಎನ್ನೋಣ. ಉದ್ಧರಿಸಿದ ಮಾತು ಬರಹದೊಳಗೆ ಬೆರೆಯುವುದು ಹೇಗೆ? ನಮಗೆ ಬರುವ ಪ್ರಬಂಧಗಳಲ್ಲಿ ಹೆಚ್ಚಿನವು ಇಲ್ಲಿಯೇ ಸೋಲುತ್ತವೆ. ‘ಶರಣರು ಕಾಯಕಕ್ಕೆ ಮಹತ್ವ ನೀಡಿದ್ದಾರೆ. ಲಕ್ಕಮ್ಮನವರು ಹೀಗೆ ಹೇಳಿದ್ದಾರೆ’ ಎಂದು ಬರೆದು, ಇಡೀ ವಚನವನ್ನು ಕೊಟ್ಟು, ‘ಇದರಿಂದ ಕಾಯಕದ ಮಹತ್ವ ತಿಳಿಯುತ್ತದೆ. ದಾಸೋಹವೂ ಮುಖ್ಯವಾದುದು’ ಎಂದು ಮುಂದೆ ಸಾಗುತ್ತಾರೆ. ಮನೆಗೆ ಬಂದ ಹಿರಿಯರನ್ನು ಪಡಸಾಲೆಯಲ್ಲಿ ಕೂರಿಸಿ, ಒಂದು ಮಾತೂ ಆಡದೆ ಒಳಗೆ ಹೋದಂತೆ ಇದು. ವಚನದಲ್ಲಿ ಇರುವುದೇನು, ಅದು ಈ ಲೇಖನದ ಯಾವ ಪ್ರಶ್ನೆಗೆ ಉತ್ತರ ಎಂಬುದು ಓದುಗನಿಗೆ ತಿಳಿಯಲಿಲ್ಲ. ಆ ಜಾಗದಲ್ಲಿ ಬೇರಾವ ವಚನವಿದ್ದರೂ ಹಿಂದಿನ, ಮುಂದಿನ ವಾಕ್ಯಗಳು ಹಾಗೆಯೇ ನಿಲ್ಲುತ್ತಿದ್ದವು. ಉದ್ಧರಣೆ ಬೆರೆತಿಲ್ಲವೆನ್ನಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನಮಗೆ ಗೊತ್ತಿಲ್ಲ.

ಅದೇ ಭಾಗವನ್ನು ಆ ಯುವಕರೊಡನೆ ಕುಳಿತು ತಿದ್ದಿದೆವು. ವಚನಕ್ಕೆ ಮೊದಲು ಹೀಗಾಯಿತು: ‘ದುಡಿದು ಪಡೆದುದರಲ್ಲಿ ಎಷ್ಟು ತನ್ನದು ಎಂಬ ಪ್ರಶ್ನೆಯನ್ನು ಲಕ್ಕಮ್ಮನವರು ತಮ್ಮ ಮನೆಯಲ್ಲಿಯೇ, ಪತಿಯ ಮುಂದೆ ಎತ್ತುತ್ತಾರೆ. ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದ ದಿನದ ಕಥೆಯೊಡನೆ ಸಂಪ್ರದಾಯವು ಈ ವಚನವನ್ನು ಜೋಡಿಸುತ್ತದೆ.’ ಆಮೇಲೆ ವಚನ, ಅಂಕಿತಸಹಿತ. ವಚನದ ಬಳಿಕ: ‘ಆಸೆಯನ್ನು ಲಕ್ಕಮ್ಮನವರು ಅರಸರ ಪಾಲಿಗೆ ಬಿಡುತ್ತಾರೆ, ಭಕ್ತನ ಮನೆಯೊಳಗೆ ಅದನ್ನು ಬರಗೊಡುವುದಿಲ್ಲ. ಹೀಗಾಗಿ ಇಲ್ಲಿ ಕಾಯಕದ ಪ್ರಶ್ನೆ ಎಷ್ಟು ದುಡಿಯಬೇಕು ಎಂಬುದಲ್ಲ, ಎಲ್ಲಿಗೆ ಸಾಕು ಎನ್ನಬೇಕು ಎಂಬುದು.’ ಈಗ ಬೇರೆ ವಚನವನ್ನು ಅಲ್ಲಿ ಇಡಲು ಬರುವುದಿಲ್ಲ. ಲೇಖಕರ ವಿಚಾರವೂ ಒಂದು ಹೆಜ್ಜೆ ಮುಂದೆ ಹೋಗಿದೆ. ಇದನ್ನು ಬರೆದ ಮೇಲೆ ಆ ಯುವಕರು, ‘ಆಕೆಯ ಹೆಸರು ತಪ್ಪಿಸಿದ್ದಕ್ಕೇ ನನಗೆ ವಚನವೂ ಅರ್ಥವಾಗಿರಲಿಲ್ಲ’ ಎಂದರು. ನಾವು ಸುಮ್ಮನಿದ್ದೆವು, ಕರಡು ಓದಿದ ನಮ್ಮ ಪಾಡೂ ಅದೇ ಆಗಿತ್ತು.

ಎಷ್ಟು ಉದ್ಧರಿಸಬೇಕು ಎಂದು ಕೇಳುವವರುಂಟು. ಮಾತಿನ ರೀತಿಯೇ ಮುಖ್ಯವಾದಾಗ ಪೂರ್ತಿ ಕೊಡಿ. ವಿಷಯ ಮಾತ್ರ ಬೇಕಾದಾಗ ನಿಮ್ಮ ಮಾತಿನಲ್ಲಿ ಸಂಗ್ರಹಿಸಿ ಹೇಳಿ, ಆಗಲೂ ಆಕರ ಕೊಡಿ. ಪದಗಳು ನಿಮ್ಮವಾದ ಮಾತ್ರಕ್ಕೆ ವಿಚಾರ ನಿಮ್ಮದಾಗುವುದಿಲ್ಲ. ನಡುವೆ ಬಿಟ್ಟರೆ ಮೂರು ಚುಕ್ಕಿ ಇಡಬೇಕು. ಆದರೆ ವಚನವನ್ನು ಅರ್ಧಕ್ಕೆ ತುಂಡರಿಸುವ ಮುನ್ನ ಕೊನೆಯವರೆಗೆ ಓದಿರಿ. ಅನೇಕ ವಚನಗಳಲ್ಲಿ, ವಿಶೇಷವಾಗಿ ಪ್ರಭುದೇವರಲ್ಲಿ, ಮೊದಲ ಭಾಗವು ಲೋಕದವರ ಅಥವಾ ಪ್ರತಿವಾದಿಯ ಮಾತು; ಶರಣರ ನಿಲುವು ತಿರುವಿನ ನಂತರ ಬರುತ್ತದೆ. ಮೊದಲರ್ಧವನ್ನು ಮಾತ್ರ ಕೊಟ್ಟವರು, ಶರಣರು ಖಂಡಿಸಿದ ಮಾತನ್ನೇ ಶರಣರ ಬಾಯಲ್ಲಿ ಇಟ್ಟಂತಾಗುತ್ತದೆ. ಚುಕ್ಕಿಗಳನ್ನು ಕ್ರಮಬದ್ಧವಾಗಿ ಇಟ್ಟಿದ್ದರೂ ಆ ಅಪಚಾರ ತಪ್ಪುವುದಿಲ್ಲ.

ಇಂಗ್ಲಿಷಿನಲ್ಲಿ ಬರೆಯುವ ನಮ್ಮ ಮಕ್ಕಳು, ಹೊರದೇಶಗಳಲ್ಲಿ ಓದುತ್ತಿರುವವರೂ ಸೇರಿ, ಸಾಮಾನ್ಯವಾಗಿ ಎ. ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟಿಸಿದ ‘ಸ್ಪೀಕಿಂಗ್ ಆಫ್ ಶಿವ’ ಅನುವಾದವನ್ನು ಬಳಸುತ್ತಾರೆ. ಬಳಸಲಿ. ಆ ಪುಸ್ತಕದಿಂದಲೇ ಜಗತ್ತಿನ ಅನೇಕ ಓದುಗರಿಗೆ ಶರಣರ ಪರಿಚಯವಾಯಿತು. ಆದರೆ ರಾಮಾನುಜನ್ ಅವರು ಅಂಕಿತಗಳನ್ನು ಸಹ ಅರ್ಥ ಬಿಡಿಸಿ ಇಂಗ್ಲಿಷಿಗೆ ತಂದರು. ಸಾಲುಗಳ ಜೋಡಣೆಯೂ ಅವರದೇ. ಆದ್ದರಿಂದ ಅಲ್ಲಿನ ಪದವನ್ನು ಹಿಡಿದು ವಾದ ಕಟ್ಟುವವರು ಅದು ಅನುವಾದಕರ ಪದವೆಂದು ಹೇಳಬೇಕು, ಸಾಧ್ಯವಾದರೆ ಕನ್ನಡ ಮೂಲವನ್ನು ಜೊತೆಗೆ ಕೊಡಬೇಕು. ಇಂಗ್ಲಿಷ್ ಅನುವಾದವನ್ನು ತಾನೇ ಮರಳಿ ಕನ್ನಡಕ್ಕೆ ತಂದು ‘ಅಕ್ಕಮಹಾದೇವಿಯವರ ವಚನ’ ಎಂದು ಕೊಟ್ಟ ಲೇಖನವನ್ನೂ ನಾವು ಓದಿದ್ದೇವೆ. ಪಾಪ, ಬರೆದವರಿಗೆ ಕನ್ನಡ ಪುಸ್ತಕ ಸಿಕ್ಕಿರಲಿಲ್ಲವಂತೆ. ಕೇಳಿದ್ದರೆ ಮಠದಿಂದಲೇ ಪುಟದ ಚಿತ್ರ ಕಳುಹಿಸುತ್ತಿದ್ದೆವು.

ಸಣ್ಣ ಸಂಗತಿಗಳು ಇನ್ನೂ ಕೆಲವಿವೆ. ಮೂಲಗ್ರಂಥವನ್ನು ನೋಡದೆ ಇನ್ನೊಬ್ಬರ ಪುಸ್ತಕದಲ್ಲಿ ಕಂಡುದನ್ನು ಬಳಸಿದಾಗ ‘ಇವರಿಂದ ಉದ್ಧೃತ’ ಎಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ನೋಡದ ಗ್ರಂಥವನ್ನು ನೋಡಿದಂತೆ ಬರೆಯುವುದರಲ್ಲಿ ಇದೆ. ‘ಅದೇ’ ಎಂಬ ಟಿಪ್ಪಣಿಯನ್ನು ಕೊನೆಯ ಕರಡಿನಲ್ಲಿ ಮಾತ್ರ ಹಾಕಿರಿ. ನಡುವೆ ಹೊಸ ಟಿಪ್ಪಣಿಯೊಂದು ಸೇರಿದರೆ ‘ಅದೇ’ ಎಂಬುದು ಯಾವುದೆಂದು ಬರೆದವರಿಗೇ ತಿಳಿಯದಾಗುತ್ತದೆ. ಪ್ರವಚನದಲ್ಲಿ ಕೇಳಿದ ಮಾತನ್ನು ಬಳಸುವುದಾದರೆ ಹೇಳಿದವರು, ಊರು, ದಿನಾಂಕ ಬರೆದು, ಆಗುವುದಾದರೆ ಅವರಿಗೊಮ್ಮೆ ತೋರಿಸಿ. ಮೊಬೈಲಿನಲ್ಲಿ ಹೂವಿನ ಚಿತ್ರದೊಡನೆ ಬರುವ ವಚನಗಳ ವಿಷಯವನ್ನು ಏನೆಂದು ಹೇಳುವುದು! ಅಂಕಿತವೇ ಇಲ್ಲದವು, ಹೊಸಗನ್ನಡದ ಗಾದೆಗೆ ಅಂಕಿತ ಅಂಟಿಸಿದವು, ಸರ್ವಜ್ಞನ ತ್ರಿಪದಿಗೆ ಶರಣರ ಹೆಸರು ಹಾಕಿದವು, ಎಲ್ಲವೂ ಬರುತ್ತವೆ. ಅನುಮಾನ ಬಂದಾಗ ‘ವಚನ ಸಂಚಯ’ ಜಾಲತಾಣದಲ್ಲಿ ಅದರ ಒಂದೆರಡು ವಿರಳ ಪದಗಳನ್ನು ಕೊಟ್ಟು ಹುಡುಕಬಹುದು. ಸಿಕ್ಕರೆ ಅಲ್ಲಿಂದ ಮುದ್ರಿತ ಸಂಪುಟಕ್ಕೆ ಹೋಗಿ ಪುಟ ನೋಡಿ. ಸಿಗದಿದ್ದರೆ ಲೇಖನದಲ್ಲಿ ಬಳಸಬೇಡಿ.

ಈ ವರ್ಷದ ಸ್ಮರಣಸಂಚಿಕೆಗೆ ಲೇಖನ ಕಳುಹಿಸುವವರು ಉದ್ಧರಿಸಿದ ಪ್ರತಿಯೊಂದು ವಚನದ ಮುದ್ರಿತ ಪುಟದ ನೆರಳಚ್ಚನ್ನು ಜೊತೆಗಿಡಬೇಕೆಂದು ಸಮಿತಿ ನಿರ್ಧರಿಸಿದೆ. ಕೆಲವರಿಗೆ ಇದು ತೊಡಕೆನಿಸಬಹುದು. ಸಮಗ್ರ ವಚನ ಸಂಪುಟದ ಎಲ್ಲ ಭಾಗಗಳೂ ಶ್ರೀಮಠದ ಗ್ರಂಥಾಲಯದಲ್ಲಿವೆ; ಬಂದು ನೋಡಲು ಯಾವ ಶುಲ್ಕವೂ ಇಲ್ಲ. ಕರಡು ಓದುವ ಕೆಲಸಕ್ಕೆ ಈ ಸಲ ನಮ್ಮ ಜೊತೆ ಆ ಹಿರಿಯ ತಾಯಿಯವರೂ ಕೂರಲು ಒಪ್ಪಿದ್ದಾರೆ.

ಕಳೆದ ವರ್ಷದ ಸಂಚಿಕೆಯ ಉಳಿದ ಪ್ರತಿಗಳಿಗೆ ಲಕ್ಕಮ್ಮನವರ ಹೆಸರನ್ನೂ ವಚನದ ಬಿಟ್ಟುಹೋದ ಸಾಲನ್ನೂ ಅಚ್ಚು ಮಾಡಿದ ತಿದ್ದುಪಡಿ ಚೀಟಿಯನ್ನು ಅಂಟಿಸಿದ್ದೇವೆ. ಈಗಾಗಲೇ ಸಂಚಿಕೆ ಒಯ್ದವರಿಗಾಗಿ ಚೀಟಿಗಳನ್ನು ಕಚೇರಿಯ ಮೇಜಿನ ಮೇಲೆ ಇರಿಸಲಾಗಿದೆ. ದರ್ಶನಕ್ಕೆ ಬಂದಾಗ ದಯವಿಟ್ಟು ಒಂದನ್ನು ತೆಗೆದುಕೊಂಡು ಹೋಗಿ, ಆ ಪುಟಕ್ಕೆ ಅಂಟಿಸಿಕೊಳ್ಳಬೇಕೆಂದು ಕೋರುತ್ತೇವೆ.